ದಿನಕ್ಕೆ ಎಷ್ಟು ಪ್ರೊಟೀನು ಬೇಕು? ಅಂಕಿಯ ಹಿಂದಿನ ಸಂಶೋಧನೆ, ನಮ್ಮ ತಟ್ಟೆಯ ಲೆಕ್ಕ



ಇಲ್ಲಿ ಅಮೆರಿಕದಲ್ಲಿ ಯಾವ ಅಂಗಡಿಗೆ ಹೋದರೂ ಈಗ ಪ್ರೊಟೀನಿನದೇ ಮಾತು. ಸೀರಿಯಲ್ ಡಬ್ಬಿ, ಬ್ರೆಡ್ಡು, ಕುಕಿ, ಕೊನೆಗೆ ಕಾಫಿ ಬಾಟಲಿಯ ಮೇಲೂ ಇಷ್ಟು ಗ್ರಾಂ ಪ್ರೊಟೀನು ಇದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಜಿಮ್ಮಿಗೆ ಹೋಗುವ ನಮ್ಮ ಹುಡುಗರು ದೇಹದ ತೂಕದ ಪ್ರತಿ ಪೌಂಡಿಗೆ ಒಂದು ಗ್ರಾಂ ತಿನ್ನಲೇಬೇಕು ಅನ್ನುತ್ತಾರೆ. ಊರಿನಿಂದ ಬಂದ ಅಮ್ಮಂದಿರು "ನಾವೆಲ್ಲ ಅನ್ನ ಸಾರು ತಿಂದೇ ಬೆಳೆದಿಲ್ವೇನಪ್ಪಾ?" ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಸ್ವಲ್ಪ ಇಲ್ಲ.

ನಾವು ವೈದ್ಯರಲ್ಲ, ಕಂಪ್ಯೂಟರ್ ಓದಿಕೊಂಡವರು. ಆದರೆ ಒಂದು ಅಂಕಿ ಕಣ್ಣಿಗೆ ಬಿದ್ದರೆ ಅದು ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಸರಿ ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುವುದು ನಮ್ಮ ದಿನನಿತ್ಯದ ಕೆಲಸ. ಹಾಗೆ ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಕೊಡುತ್ತಿದ್ದೇವೆ. ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದಿರುವುದು ನಮ್ಮ ಬೆಂಗಳೂರಿನಲ್ಲೇ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ!

ಮೊದಲು ಅಂಕಿ

ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಸೇರಿ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೊಟೀನು ಸಾಕು. ಅಮೆರಿಕದ ಶಿಫಾರಸು 0.8 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2020ರಲ್ಲಿ ಕೊಟ್ಟಿದ್ದೂ 0.83 ಗ್ರಾಂ. ಆ ಲೆಕ್ಕದಲ್ಲಿ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ. ಇಲ್ಲಿನ ತೂಕದ ಯಂತ್ರ ಪೌಂಡಿನಲ್ಲಿ ತೋರಿಸಿದರೆ 2.2ರಿಂದ ಭಾಗಿಸಿಕೊಳ್ಳಿ.

ಇಲ್ಲೊಂದು ಸೂಕ್ಷ್ಮವಿದೆ. 0.83 ಎಂಬುದು ಸರಾಸರಿ ಅಗತ್ಯ ಅಲ್ಲ. ಸರಾಸರಿ ಅಗತ್ಯ 0.66 ಗ್ರಾಂ. ಒಬ್ಬರಿಗಿಂತ ಒಬ್ಬರ ದೇಹ ಬೇರೆಯಾದ್ದರಿಂದ, ನೂರಕ್ಕೆ 97ಕ್ಕೂ ಹೆಚ್ಚು ಜನರ ಅಗತ್ಯ ಪೂರೈಸುವಂತೆ ಅಂಕಿಯನ್ನು ಮೇಲಕ್ಕೆ ಏರಿಸಿ 0.83 ಮಾಡಿದ್ದಾರೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದಿನದ ಸರಾಸರಿ ಟ್ರಾಫಿಕ್ ನೋಡಿ ಸರ್ವರ್ ಕೊಳ್ಳುವುದಿಲ್ಲ, ದೀಪಾವಳಿ ಸೇಲಿನ ದಿನಕ್ಕೂ ಸಾಕಾಗುವಷ್ಟು ಕೊಳ್ಳುತ್ತೇವೆ. ಆದ್ದರಿಂದ ಒಬ್ಬರು 0.75 ತಿಂದ ಮಾತ್ರಕ್ಕೆ ಅವರಿಗೆ ಕೊರತೆ ಇದೆ ಎಂದು ಹೇಳಲಾಗದು. ಕೊರತೆಯಾಗುವ ಸಾಧ್ಯತೆ ಇದೆ, ಅಷ್ಟೇ.

ಆದರೆ ಈ ಅಂಕಿಗೆ ಸಣ್ಣ ಅಕ್ಷರದ ಮೂರು ಷರತ್ತುಗಳಿವೆ. ತಿನ್ನುವ ಪ್ರೊಟೀನು ಒಳ್ಳೆಯ ಗುಣಮಟ್ಟದ್ದಾಗಿರಬೇಕು. ಹೊಟ್ಟೆ ತುಂಬ ಊಟ, ಅಂದರೆ ಸಾಕಷ್ಟು ಕ್ಯಾಲೊರಿ ಇರಬೇಕು. ಆರೋಗ್ಯವಂತರಾಗಿರಬೇಕು. ಸಸ್ಯಾಹಾರಿ ಮನೆಯ ಅರವತ್ತು ದಾಟಿದ ಅಮ್ಮನಿಗೆ ಈ ಮೂರೂ ಷರತ್ತುಗಳು ಅನ್ವಯಿಸುವುದು ಕಷ್ಟ. ನಮ್ಮ ತಕರಾರು ಇರುವುದು ಅಂಕಿಯ ಮೇಲಲ್ಲ, ಈ ಷರತ್ತುಗಳನ್ನು ಯಾರೂ ಓದುವುದಿಲ್ಲ ಎಂಬುದರ ಮೇಲೆ.

118 ಗ್ರಾಂನಿಂದ 40 ಗ್ರಾಂಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್, ಸ್ನಾಯು ಕೆಲಸ ಮಾಡುವಾಗ ಉರಿಯುವುದು ಪ್ರೊಟೀನೇ ಎಂದು ಸಾರಿದ್ದರು. ಕೆಲಸ ಹೆಚ್ಚಾದಷ್ಟೂ ಮಾಂಸ ಹೆಚ್ಚು ಬೇಕು ಎಂದು ಅರ್ಥ. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನುಸ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ತಮ್ಮ ಮೈಮೇಲೇ ಪರೀಕ್ಷಿಸಿದರು. ಹಿಂದಿನ ದಿನದಿಂದಲೇ ಪ್ರೊಟೀನು ಬಿಟ್ಟು, ಬರೀ ಪಿಷ್ಟ, ಕೊಬ್ಬು, ಸಕ್ಕರೆ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ಸುಮಾರು 2000 ಮೀಟರ್ ಏರು! ದಾರಿಯುದ್ದಕ್ಕೂ ತಮ್ಮ ಮೂತ್ರ ಸಂಗ್ರಹಿಸಿ ಅದರಲ್ಲಿನ ಸಾರಜನಕ ಅಳೆದರು. ಅಷ್ಟು ಪ್ರೊಟೀನು ಉರಿದಿದ್ದರೂ ಬೆಟ್ಟ ಹತ್ತುವಷ್ಟು ಶಕ್ತಿ ಹುಟ್ಟುವುದಿಲ್ಲ ಎಂದು ಲೆಕ್ಕದಿಂದ ತೋರಿಸಿದರು. ದುಡಿಮೆಗೆ ಇಂಧನ ಅನ್ನ ಮತ್ತು ಎಣ್ಣೆ ತುಪ್ಪಗಳಿಂದಲೂ ಬರುತ್ತದೆ ಎಂಬುದು ಅಲ್ಲಿಂದ ಸ್ಪಷ್ಟವಾಗುತ್ತಾ ಬಂತು.

ಆದರೂ ಹಳೆಯ ನಂಬಿಕೆ ಬೇಗ ಹೋಗಲಿಲ್ಲ. ಮ್ಯೂನಿಕ್ಕಿನ ಫೊಯ್ಟ್ ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಬೇಕೆಂದರು. ಅಮೆರಿಕದ ಆಟ್‌ವಾಟರ್ 125 ಎಂದರು. ಇವೆಲ್ಲ ಬಹುಪಾಲು ಜನ ಏನು ತಿನ್ನುತ್ತಿದ್ದಾರೆ ಎಂದು ನೋಡಿ ಬರೆದ ಅಂಕಿಗಳು. ಜನ ತಿನ್ನುವುದು ಬೇರೆ, ದೇಹಕ್ಕೆ ಬೇಕಾಗುವುದು ಬೇರೆ. ಇದನ್ನು ಗಟ್ಟಿಯಾಗಿ ಹೇಳಿದವರು ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡೆನ್. ಅವರು ತಾವೇ ದಿನಕ್ಕೆ 40 ಗ್ರಾಂ ಆಸುಪಾಸಿಗೆ ಇಳಿದು, ಸಹೋದ್ಯೋಗಿಗಳನ್ನು, ಸೈನ್ಯದ ಆಸ್ಪತ್ರೆ ದಳದ ಸ್ವಯಂಸೇವಕರನ್ನು, ಯೇಲಿನ ಕ್ರೀಡಾಪಟುಗಳನ್ನು ತಿಂಗಳುಗಟ್ಟಲೆ ಕಡಿಮೆ ಪ್ರೊಟೀನಿನ ಮೇಲೆ ಇಟ್ಟು, ಯಾರೂ ಸೊರಗಲಿಲ್ಲ, ಬಲ ಕುಂದಲಿಲ್ಲ ಎಂದು 1904ರಲ್ಲಿ ಪುಸ್ತಕ ಬರೆದರು.

ಇದಕ್ಕೆ ಎದುರು ವಾದ ಬಂದಿದ್ದು ಕಲ್ಕತ್ತೆಯಿಂದ. ಅಲ್ಲಿನ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ಡೇವಿಡ್ ಮೆಕೇ 1912ರಲ್ಲಿ ಪ್ರೊಟೀನಿನ ಮೇಲೆಯೇ ಒಂದು ಪುಸ್ತಕ ತಂದು, ಅನ್ನ ತಿನ್ನುವ ಬಂಗಾಳಿಗಳನ್ನೂ ಗೋಧಿ ಹಾಲು ತಿನ್ನುವ ಉತ್ತರದವರನ್ನೂ ಹೋಲಿಸಿ, ಕಡಿಮೆ ಪ್ರೊಟೀನೇ ಬಂಗಾಳಿಗಳ ಮೈಕಟ್ಟು ಸಣ್ಣದಾಗಲು ಕಾರಣ ಎಂದರು. ಮಲೇರಿಯಾ, ಬಡತನ ಮುಂತಾದುವನ್ನು ಬದಿಗಿಟ್ಟ ವಾದ ಅದು, ಆಳುವವರ ಧೋರಣೆಯೂ ಅದರಲ್ಲಿ ಸಾಕಷ್ಟಿದೆ. ಆದರೆ ಒಂದು ಪ್ರಶ್ನೆಯನ್ನು ಅವರು ಸರಿಯಾಗಿಯೇ ಎತ್ತಿದ್ದರು. ಅಮೆರಿಕದ ಕ್ರೀಡಾಪಟುಗಳ ಮೇಲೆ ಕಂಡುಹಿಡಿದ ಅಂಕಿ ಅನ್ನ ತಿನ್ನುವವರಿಗೂ ಸರಿಹೊಂದುತ್ತದೆಯೇ? ಆ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ತೊಂಬತ್ತು ವರ್ಷ ಹಿಡಿಯಿತು.

ಸಾರಜನಕದ ಜಮಾ ಖರ್ಚು

0.83 ಬಂದಿರುವುದು ಸಾರಜನಕದ ಜಮಾ ಖರ್ಚಿನಿಂದ. ಪ್ರೊಟೀನಿನ ತೂಕದಲ್ಲಿ ಸುಮಾರು ಶೇಕಡಾ 16 ಸಾರಜನಕ. ಊಟದಲ್ಲಿ ಒಳಗೆ ಹೋದ ಸಾರಜನಕ ಎಷ್ಟು, ಮಲ ಮೂತ್ರದಲ್ಲಿ ಹೊರಗೆ ಬಂದಿದ್ದು ಎಷ್ಟು, ಬೆವರು, ಚರ್ಮ, ಕೂದಲು, ಉಗುರಿನಲ್ಲಿ ಹೋಗಿದ್ದು ಎಷ್ಟು ಎಂದು ಲೆಕ್ಕ ಇಡುತ್ತಾರೆ. ಬೇರೆ ಬೇರೆ ಮಟ್ಟದ ಪ್ರೊಟೀನು ಕೊಟ್ಟು, ಯಾವ ಮಟ್ಟದಲ್ಲಿ ಜಮಾ ಮತ್ತು ಖರ್ಚು ಸಮವಾಗುತ್ತದೋ ಅದೇ ಆ ವ್ಯಕ್ತಿಯ ಅಗತ್ಯ. ರ್‍ಯಾಂಡ್, ಪೆಲೆಟ್ ಮತ್ತು ಯಂಗ್ ಎಂಬ ಮೂವರು 2003ರಲ್ಲಿ 19 ಅಧ್ಯಯನಗಳ 235 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಈ ಲೆಕ್ಕ ಹಾಕಿದರು. ಇಡೀ ಜಗತ್ತಿನ ವಯಸ್ಕರ ಅಂಕಿ ನಿಂತಿರುವುದು ಈ 235 ಜನರ ಮೇಲೆ ಎಂದರೆ ಆಶ್ಚರ್ಯವಾಗುತ್ತದೆ, ಆದರೆ ವಾರಗಟ್ಟಲೆ ಒಬ್ಬರ ಮಲ ಮೂತ್ರವನ್ನೆಲ್ಲ ಸಂಗ್ರಹಿಸುವುದು ಎಷ್ಟು ಕಷ್ಟ ಎಂದು ಯೋಚಿಸಿದರೆ ಅಷ್ಟು ಜನ ಸಿಕ್ಕಿದ್ದೇ ದೊಡ್ಡದು.

ಈ ವಿಧಾನಕ್ಕೆ ಒಂದು ದೋಷವಿದೆ. ತಟ್ಟೆಯಲ್ಲಿ ಉಳಿದ ಅಗುಳನ್ನು ಬಿಟ್ಟರೆ ಜಮಾ ಹೆಚ್ಚಾಗಿ ಕಾಣುತ್ತದೆ. ಬೆವರಿನಲ್ಲಿ ಹೋದದ್ದು ತಪ್ಪಿಹೋದರೆ ಖರ್ಚು ಕಡಿಮೆಯಾಗಿ ಕಾಣುತ್ತದೆ. ಎರಡು ತಪ್ಪುಗಳೂ ಒಂದೇ ಕಡೆಗೆ ಎಳೆಯುತ್ತವೆ. ಅಂದರೆ ಅಗತ್ಯ ನಿಜಕ್ಕಿಂತ ಕಡಿಮೆ ಎಂದು ತೋರುವ ಕಡೆಗೆ. ಅದಲ್ಲದೆ, ಲೆಕ್ಕ ಸರಿತೂಗುವುದು ಎಂದರೆ ದೇಹ ಕಳೆದುಕೊಳ್ಳುತ್ತಿಲ್ಲ ಎಂದು ಮಾತ್ರ. ಸ್ನಾಯು ಗಟ್ಟಿಯಾಗಿದೆಯೇ, ಕುರ್ಚಿಯಿಂದ ಕೈಯೂರದೆ ಏಳಲು ಆಗುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಬೆಂಗಳೂರಿನ ಉಸಿರು ಪರೀಕ್ಷೆ

ಪ್ರೊಟೀನು ಎಂದರೆ ಒಂದೇ ವಸ್ತುವಲ್ಲ, ಇಪ್ಪತ್ತು ಅಮೈನೋ ಆಮ್ಲಗಳ ಸರ. ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ 1935ರಲ್ಲಿ ಥ್ರಿಯೊನಿನ್ ಕಂಡುಹಿಡಿದು, ಮುಂದೆ ತಮ್ಮ ವಿದ್ಯಾರ್ಥಿಗಳಿಗೆ ಜೋಳದ ಪಿಷ್ಟ, ಸಕ್ಕರೆ, ಕೊಬ್ಬಿನ ಜೊತೆ ಶುದ್ಧ ಅಮೈನೋ ಆಮ್ಲಗಳ ಮಿಶ್ರಣ ತಿನ್ನಿಸಿ, ದೇಹ ತಾನೇ ತಯಾರಿಸಿಕೊಳ್ಳಲಾಗದ ಎಂಟು ಯಾವುವು ಎಂದು ಪಟ್ಟಿ ಮಾಡಿದರು. ಆಮೇಲೆ ಹಿಸ್ಟಿಡಿನ್ ಸೇರಿ ಒಂಬತ್ತಾಯಿತು. ಇವುಗಳಲ್ಲಿ ನಮ್ಮ ಊಟಕ್ಕೆ ಸಂಬಂಧಿಸಿದ್ದು ಲೈಸಿನ್. ಅಕ್ಕಿ, ಗೋಧಿ, ರಾಗಿ ಮೂರರಲ್ಲೂ ಮೊದಲು ಕಡಿಮೆ ಬೀಳುವುದು ಅದೇ.

1985ರ ಅಂತರರಾಷ್ಟ್ರೀಯ ವರದಿ ವಯಸ್ಕರಿಗೆ ಲೈಸಿನ್ ಕಿಲೋಗೆ 12 ಮಿಲಿಗ್ರಾಂ ಸಾಕು ಎಂದಿತ್ತು. ಆ ಲೆಕ್ಕದಲ್ಲಿ ಒಂದು ಗ್ರಾಂ ಪ್ರೊಟೀನಿನಲ್ಲಿ 16 ಮಿಲಿಗ್ರಾಂ ಲೈಸಿನ್ ಇದ್ದರೆ ಆಯಿತು. ಗೋಧಿಯ ಪ್ರೊಟೀನಿನಲ್ಲಿ ಗ್ರಾಂಗೆ ಸುಮಾರು 27, ಅಕ್ಕಿಯಲ್ಲಿ ಸುಮಾರು 37 ಇದೆ. ಹಾಗಾದರೆ ಬರೀ ಅನ್ನ, ಬರೀ ಚಪಾತಿ ತಿಂದರೂ ತೊಂದರೆಯಿಲ್ಲ ಎಂದಾಯಿತು! ಮಾಂಸ ತಿನ್ನುವ ದೇಶಗಳಿಗೆ ಇದು ಸರಿಯೋ ತಪ್ಪೋ ಎಂಬುದರಿಂದ ಹೆಚ್ಚು ವ್ಯತ್ಯಾಸವಿಲ್ಲ. ಧಾನ್ಯ ತಿಂದು ಬದುಕುವ ನೂರು ಕೋಟಿ ಜನರಿಗೆ ಇದು ದೊಡ್ಡ ವಿಷಯ.

ಎಂಐಟಿಯ ವೆರ್ನನ್ ಯಂಗ್ ಇದನ್ನು ಒಪ್ಪಲಿಲ್ಲ. ರೋಸ್ ಅವರ ವಿದ್ಯಾರ್ಥಿಗಳಿಗೆ ಕ್ಯಾಲೊರಿ ಬಹಳ ಕೊಟ್ಟಿದ್ದರು, ಬೆವರು ಚರ್ಮದ ನಷ್ಟ ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬುದು ಆಕ್ಷೇಪ. ಯಂಗ್ ತಂಡ ಬೇರೆ ದಾರಿ ಹಿಡಿಯಿತು. ಇಂಗಾಲ-13 ಎಂಬ, ವಿಕಿರಣವಿಲ್ಲದ ಸ್ವಲ್ಪ ಭಾರದ ಇಂಗಾಲವನ್ನು ಅಮೈನೋ ಆಮ್ಲಕ್ಕೆ ಗುರುತಾಗಿ ಸೇರಿಸಿ ದೇಹಕ್ಕೆ ಕೊಡುವುದು. ಆ ಆಮ್ಲ ಪ್ರೊಟೀನು ಕಟ್ಟಲು ಬಳಕೆಯಾದರೆ ಒಳಗೇ ಉಳಿಯುತ್ತದೆ. ಬಳಕೆಯಾಗದೆ ಉರಿದುಹೋದರೆ ಗುರುತಿನ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ. ಪ್ರೋಗ್ರಾಮಿನಲ್ಲಿ ಅಲ್ಲಲ್ಲಿ ಲಾಗ್ ಹಾಕಿ ಡೇಟಾ ಎಲ್ಲಿ ಹೋಯಿತು ಎಂದು ನೋಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ. ಈ ಅಳತೆಗಳಲ್ಲಿ ಅಗತ್ಯ ಹಳೆಯ ಅಂಕಿಗಿಂತ ಎರಡು ಮೂರು ಪಟ್ಟು ಬಂತು. ಆಗ ಎದ್ದ ಪ್ರಶ್ನೆ: ಇವರೆಲ್ಲ ಚೆನ್ನಾಗಿ ತಿಂದುಂಡ ಅಮೆರಿಕದವರು, ಕಡಿಮೆ ಲೈಸಿನ್‌ಗೆ ಒಗ್ಗಿಕೊಂಡ ಭಾರತೀಯರಿಗೆ ಅಷ್ಟು ಬೇಕೇ?

ಉತ್ತರ ಬಂದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ. ಡಾ. ಅನುರ ಕುರ್ಪಾಡ್ ಅವರ ತಂಡ ಯಂಗ್ ಅವರ ಜೊತೆ ಸೇರಿ, ಆರೋಗ್ಯವಂತ ಭಾರತೀಯ ಯುವಕರನ್ನು ಇಡೀ 24 ಗಂಟೆ ಪ್ರಯೋಗಾಲಯದಲ್ಲಿ ಇರಿಸಿಕೊಂಡು ಉಸಿರು ಅಳೆಯಿತು. 2001 ಮತ್ತು 2002ರಲ್ಲಿ ಪ್ರಕಟವಾದ ಅವರ ಅಧ್ಯಯನಗಳಲ್ಲಿ ಲೈಸಿನ್ ಅಗತ್ಯ ಕಿಲೋಗೆ ಸುಮಾರು 30 ಮಿಲಿಗ್ರಾಂ ಎಂದು ಬಂತು. ಹಳೆಯ ಅಂಕಿಯ ಎರಡೂವರೆ ಪಟ್ಟು! ದೀರ್ಘಕಾಲದ ಅಪೌಷ್ಟಿಕತೆಯಿಂದ ಬಳಲುವ ಬಡ ಗಂಡಸರಲ್ಲಿ ಅಳೆದಾಗ (2003) 44 ಬಂತು. ಕಡಿಮೆ ತಿನ್ನುವವರು ಕಡಿಮೆಗೇ ಒಗ್ಗಿಕೊಳ್ಳುತ್ತಾರೆ ಎಂಬ ಸಮಾಧಾನದ ಮಾತು ಅಲ್ಲಿಗೆ ನಿಲ್ಲಲಿಲ್ಲ. 2007ರ ವರದಿ 30 ಮಿಲಿಗ್ರಾಂ ಎಂಬ ಅಂಕಿಯನ್ನೇ ಒಪ್ಪಿಕೊಂಡಿತು. ಹೊಸ ಲೆಕ್ಕದಲ್ಲಿ ಒಂದು ಗ್ರಾಂ ಪ್ರೊಟೀನಿನಲ್ಲಿ 45 ಮಿಲಿಗ್ರಾಂ ಲೈಸಿನ್ ಇರಬೇಕು. ಅಕ್ಕಿ, ಗೋಧಿ ಎರಡೂ ಈಗ ಗೆರೆಯ ಕೆಳಗೆ. ಬೇಳೆಕಾಳುಗಳಲ್ಲಿ 65ರಿಂದ 70, ಹಾಲಿನಲ್ಲಿ 75ರ ಮೇಲೆ ಇರುವುದರಿಂದ ಅವು ಧಾನ್ಯದ ಕೊರತೆ ತುಂಬುತ್ತವೆ. ಒಂದೇ ತುತ್ತಿನಲ್ಲಿ ಸೇರಬೇಕೆಂದಿಲ್ಲ, ಅದೇ ದಿನ ಸೇರಿದರೆ ಸಾಕು.

ಅದೇ ತಂಡ ಮುಂದೆ ತಿಂದ ಪ್ರೊಟೀನಿನಲ್ಲಿ ಎಷ್ಟು ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ ಎಂದೂ ಅಳೆಯಿತು. 2018, 2019ರ ಈ ಅಧ್ಯಯನಗಳಲ್ಲಿ ಮೊಟ್ಟೆ, ಮಾಂಸದ್ದು ಶೇಕಡಾ 90ರ ಆಸುಪಾಸು ಇದ್ದರೆ, ಕಡಲೆಕಾಳು ಮತ್ತು ಇಡೀ ಹೆಸರುಕಾಳಿನದು ಶೇಕಡಾ 60ರ ಆಸುಪಾಸು. ಸಿಪ್ಪೆ ತೆಗೆದ ಹೆಸರುಬೇಳೆಯಲ್ಲಿ ಇಡೀ ಕಾಳಿಗಿಂತ ಚೆನ್ನಾಗಿ ಜೀರ್ಣವಾಗುತ್ತದೆ. ನಾರಿನಂಶಕ್ಕೆ ಇಡೀ ಕಾಳು ಒಳ್ಳೆಯದು, ಪ್ರೊಟೀನಿಗೆ ತೊವ್ವೆ ಒಂದು ಕೈ ಮೇಲು!

ಹೊಟ್ಟೆ ತುಂಬದಿದ್ದರೆ

ಎರಡನೆಯ ಷರತ್ತು ಕ್ಯಾಲೊರಿ. 1960ರ ದಶಕದಲ್ಲಿ ಬಡ ದೇಶಗಳ ಮಕ್ಕಳ ಕಾಯಿಲೆಗೆಲ್ಲ ಪ್ರೊಟೀನ್ ಕೊರತೆಯೇ ಕಾರಣ ಎಂದು ವಿಶ್ವಸಂಸ್ಥೆಯವರೆಗೆ ಗದ್ದಲವಾಯಿತು. ಮೈಸೂರಿನ ಸಿಎಫ್‌ಟಿಆರ್‌ಐ ಕಡಲೆಕಾಯಿ ಹಿಂಡಿಯ ಹಿಟ್ಟು, ಕಡಲೆ ಹಿಟ್ಟು ಸೇರಿಸಿ ಪೌಷ್ಟಿಕ ಆಹಾರ ತಯಾರಿಸಿದ್ದು ಈ ಚಿಂತೆಯ ಹಿನ್ನೆಲೆಯಲ್ಲೇ. ಆದರೆ ಹೈದರಾಬಾದಿನ ಡಾ. ಸಿ. ಗೋಪಾಲನ್, ಮಕ್ಕಳ ಊಟದಲ್ಲಿ ಮೊದಲು ಕಡಿಮೆಯಿರುವುದು ಒಟ್ಟು ಆಹಾರ ಎಂದು ತೋರಿಸಿದರು. ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಅವರದೂ ಅದೇ ವಾದ. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ ಈ ಇಡೀ ಪ್ರಕರಣವನ್ನು ಮಹಾ ಪ್ರೊಟೀನ್ ಎಡವಟ್ಟು ಎಂದೇ ಕರೆದರು. ಕ್ಯಾಲೊರಿ ಸಾಲದಿದ್ದರೆ ದೇಹ ತಿಂದ ಪ್ರೊಟೀನನ್ನೇ ಸೌದೆಯಂತೆ ಉರಿಸುತ್ತದೆ. ಇದು ನಮ್ಮ ಮನೆಗಳಿಗೆ ಎಲ್ಲಿ ಅನ್ವಯಿಸುತ್ತದೆ ಎಂದರೆ, ಒಪ್ಪತ್ತು, ಏಕಾದಶಿ ಎಂದು ಉಪವಾಸ ಮಾಡುವ, ಇಲ್ಲಿನ ಚಳಿಗೆ ಹಸಿವಿಲ್ಲ ಎಂದು ಅರ್ಧ ಊಟ ಮಾಡುವ ಹಿರಿಯರಿಗೆ.

ಹಿರಿಯರಿಗೆ 0.83 ಸಾಕೇ?

ಇಲ್ಲಿ ಸಂಶೋಧಕರಲ್ಲೇ ಜಗಳವಿದೆ. 55 ದಾಟಿದ ಹತ್ತು ಜನರಿಗೆ 14 ವಾರ ನಿಖರವಾಗಿ 0.8 ಗ್ರಾಂ ಕೊಟ್ಟಾಗ ತೊಡೆಯ ಸ್ನಾಯು ಸಣ್ಣಗಾಯಿತು ಎಂದು ಕ್ಯಾಂಪ್‌ಬೆಲ್ ತಂಡ 2001ರಲ್ಲಿ ವರದಿ ಮಾಡಿತು. ಕೆನಡಾದ ಸಂಶೋಧಕರು ಗುರುತಿನ ಅಮೈನೋ ಆಮ್ಲದ ಮತ್ತೊಂದು, ಒಂದೇ ದಿನದ ವಿಧಾನದಲ್ಲಿ 8 ಯುವಕರನ್ನು ಅಳೆದು ಸುರಕ್ಷಿತ ಮಟ್ಟ 1.2 ಎಂದರು (2007). 65 ದಾಟಿದ ಹೆಂಗಸರಲ್ಲಿ 1.29 ಬಂತು (2015). ಒಂದು ದಿನದ ಅಳತೆಯಿಂದ ದೀರ್ಘಕಾಲದ ಅಗತ್ಯ ಹೇಳಲಾಗದು ಎಂದು ವಿರೋಧಿಗಳು ಹೇಳುತ್ತಾರೆ, ಅದರಲ್ಲೂ ಹುರುಳಿದೆ. ಯುರೋಪಿನ ವೃದ್ಧವೈದ್ಯರ ಮುಂದಾಳತ್ವದ ತಜ್ಞರ ಗುಂಪು 2013ರಲ್ಲಿ 65 ದಾಟಿದವರಿಗೆ 1.0ರಿಂದ 1.2 ಗ್ರಾಂ ಎಂದು ಶಿಫಾರಸು ಮಾಡಿತು.

ಇನ್ನೊಂದು ಕಡೆ, ಓಡಾಟ ಕಡಿಮೆಯಾದ 92 ಹಿರಿಯ ಗಂಡಸರ ಮೇಲೆ ಅಮೆರಿಕದಲ್ಲಿ ನಡೆದ ಆರು ತಿಂಗಳ ಪ್ರಯೋಗ (2018) ಇದೆ. ಒಂದು ಗುಂಪಿಗೆ 0.8, ಇನ್ನೊಂದಕ್ಕೆ 1.3. ಕೊನೆಯಲ್ಲಿ ಸ್ನಾಯುವಿನಲ್ಲಾಗಲೀ ಬಲದಲ್ಲಾಗಲೀ ವ್ಯತ್ಯಾಸವಿಲ್ಲ! ನಮಗೆ ತೋಚುವುದು ಇಷ್ಟು. ಪ್ರೊಟೀನು ಇಟ್ಟಿಗೆ ಇದ್ದಂತೆ, ವ್ಯಾಯಾಮ ಗಾರೆಯವನು. ಗಾರೆಯವನೇ ಬಾರದಿದ್ದರೆ ಇಟ್ಟಿಗೆ ರಾಶಿ ಹಾಕಿ ಪ್ರಯೋಜನವಿಲ್ಲ. ಹಾಗಿದ್ದರೂ ಆ ಪ್ರಯೋಗದಲ್ಲಿ ಕಡಿಮೆ ಗುಂಪಿನವರೂ 0.8 ಗ್ರಾಂ ಒಳ್ಳೆಯ ಪ್ರೊಟೀನನ್ನು ಪ್ರತಿದಿನ ತಪ್ಪದೆ ತಿಂದರು ಎಂಬುದನ್ನು ಮರೆಯಬಾರದು. ನಮ್ಮ ಅಮ್ಮಂದಿರಿಗೆ ಅಷ್ಟಾದರೂ ಸಿಗುತ್ತಿದೆಯೇ?

ಒಂದು ದಿನದ ಲೆಕ್ಕ

60 ಕಿಲೋ ತೂಕದ, ಸಸ್ಯಾಹಾರಿ ಹಿರಿಯ ಮಹಿಳೆಯೊಬ್ಬರ ಸಾಧಾರಣ ದಿನ ತೆಗೆದುಕೊಳ್ಳೋಣ. ಎರಡು ಹೊತ್ತಿನ ಕಾಫಿಗೆ 150 ಮಿಲಿಲೀಟರ್ ಹಾಲು, 5 ಗ್ರಾಂ. ಬೆಳಿಗ್ಗೆ 60 ಗ್ರಾಂ ರವೆಯ ಉಪ್ಪಿಟ್ಟು, 7 ಗ್ರಾಂ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, 8 ಗ್ರಾಂ. ತಿಳಿಸಾರಿನಲ್ಲಿ ತಲೆಗೆ 15 ಗ್ರಾಂ ತೊಗರಿಬೇಳೆ ಬಂದರೆ 3 ಗ್ರಾಂ. ಪಲ್ಯ 2, ಮಜ್ಜಿಗೆಗೆ 100 ಗ್ರಾಂ ಮೊಸರು 3. ರಾತ್ರಿ ಎರಡು ಚಪಾತಿ 5, ಪಲ್ಯ 2, ಸ್ವಲ್ಪ ಮೊಸರನ್ನ 7. ಒಟ್ಟು 42 ಗ್ರಾಂ.

0.83ರ ಲೆಕ್ಕದಲ್ಲಿ ಇವರಿಗೆ 50 ಬೇಕು, ಹಿರಿಯರ ಲೆಕ್ಕದಲ್ಲಿ 60ರಿಂದ 72. ಧಾನ್ಯವೇ ಹೆಚ್ಚಾದ ಊಟಕ್ಕೆ ಕಿಲೋಗೆ 1 ಗ್ರಾಂ ಹಿಡಿಯಬೇಕೆಂದು ಭಾರತೀಯ ಮಂಡಳಿಯ 2020ರ ವರದಿಯೂ ಹೇಳುತ್ತದೆ. 42ರಲ್ಲಿ 24 ಗ್ರಾಂ ಬಂದಿರುವುದು ಅಕ್ಕಿ ಗೋಧಿಯಿಂದ. ಬೇಳೆಯಿಂದ ಬರೀ 3! ದಿನವೂ ಬೇಳೆ ತಿನ್ನುತ್ತೇವೆ ಎಂದು ನಾವು ಅಂದುಕೊಂಡಿರುತ್ತೇವೆ, ಆದರೆ ಸಾರಿನ ಪಾತ್ರೆಯಲ್ಲಿ ಬೇಳೆ ತಳದಲ್ಲೇ ಉಳಿದಿರುತ್ತದೆ. ಈ ದಿನದ ಲೈಸಿನ್ ಲೆಕ್ಕ ಹಾಕಿದರೆ ಕಿಲೋಗೆ ಸುಮಾರು 33 ಮಿಲಿಗ್ರಾಂ ಬರುತ್ತದೆ. ಸರಾಸರಿ ಅಗತ್ಯವಾದ 30ಕ್ಕಿಂತ ಕೂದಲೆಳೆಯಷ್ಟು ಮೇಲೆ, ಅದೂ ಪೂರ್ತಿ ಜೀರ್ಣವಾದರೆ. ಅದರಲ್ಲಿ ಹಾಲು, ಮೊಸರು ತೆಗೆದುಬಿಟ್ಟರೆ ಉಳಿಯುವುದು 19. ನಮ್ಮನ್ನು ಇಷ್ಟು ದಿನ ಕಾಪಾಡಿರುವುದು ಸಾರಲ್ಲ, ಮೊಸರು! ಹಾಲು ಬಿಟ್ಟು ವೀಗನ್ ಆಗಿರುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು. ಅವರು ಮೊಸರಿನ ಜಾಗಕ್ಕೆ ಸೋಯಾ ಹಾಲು, ತೋಫು, ಬೇಳೆ ತರಲೇಬೇಕು. ಬಾದಾಮಿ ಹಾಲಿನಲ್ಲಿ ಪ್ರೊಟೀನು ಇಲ್ಲವೆನ್ನುವಷ್ಟು ಕಡಿಮೆ.

ಸರಿಪಡಿಸುವುದು ಕಷ್ಟವೇನಲ್ಲ. ಸಾರಿನ ಬದಲು ತಲೆಗೆ 40 ಗ್ರಾಂ ಬೇಳೆಯ ಗಟ್ಟಿ ಹುಳಿ ಅಥವಾ ತೊವ್ವೆ ಮಾಡಿದರೆ 5 ಗ್ರಾಂಗಿಂತ ಹೆಚ್ಚು ಸೇರುತ್ತದೆ. ಸಂಜೆ 30 ಗ್ರಾಂ ಹೆಸರುಬೇಳೆಯ ಕೋಸಂಬರಿ ಅಥವಾ ಕಡಲೆಕಾಳಿನ ಉಸಲಿ, ಸುಮಾರು 7. ಮಲಗುವ ಮುಂಚೆ ಒಂದು ಕಪ್ಪು ಹಾಲು, 8. ಒಟ್ಟು 62 ದಾಟಿತು. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ರಾಗಿಮುದ್ದೆ ಉಣ್ಣುವ ಮನೆಗಳಲ್ಲಿ ಮುದ್ದೆಗೆ ಹುರುಳಿ, ಅವರೆಕಾಳಿನ ಗಟ್ಟಿ ಸಾರು ಇದ್ದೇ ಇರುತ್ತಿತ್ತು. ರಾಗಿಯಲ್ಲಿ ನೂರು ಗ್ರಾಂಗೆ 7 ಗ್ರಾಂ ಮಾತ್ರ ಪ್ರೊಟೀನು, ಲೈಸಿನ್ನೂ ಕಡಿಮೆ. ಇಲ್ಲಿಗೆ ಬಂದ ಮೇಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ರಾಗಿ ಹಿಟ್ಟನ್ನು ಮಾತ್ರ ಉಳಿಸಿಕೊಂಡು ಹುರುಳಿಯನ್ನು ಬಿಟ್ಟವರು ನಮ್ಮಲ್ಲಿ ಬಹಳ ಮಂದಿ. ಹುರುಳಿಕಾಳು, ಹೆಪ್ಪುಗಟ್ಟಿಸಿದ ಅವರೆಕಾಳು ಇಂಡಿಯನ್ ಸ್ಟೋರಿನಲ್ಲಿ ಸಿಗುತ್ತವೆ.

ಜಿಮ್ಮಿನ ಹುಡುಗರಿಗೆ

ಪೌಂಡಿಗೆ ಒಂದು ಗ್ರಾಂ ಎಂದರೆ ಕಿಲೋಗೆ 2.2. ಭಾರ ಎತ್ತುವ ವ್ಯಾಯಾಮ ಮಾಡುವವರ 49 ಅಧ್ಯಯನಗಳನ್ನು, 1863 ಜನರ ಮಾಹಿತಿಯನ್ನು ಒಟ್ಟು ಸೇರಿಸಿ 2018ರಲ್ಲಿ ನೋಡಿದಾಗ, ಕಿಲೋಗೆ ಸುಮಾರು 1.6 ದಾಟಿದ ಮೇಲೆ ಸ್ನಾಯು ಬೆಳೆಯಲು ಹೆಚ್ಚಿನ ಲಾಭ ಕಾಣಲಿಲ್ಲ. 2026ರ ಜನವರಿಯಲ್ಲಿ ಹೊರಬಂದ ಅಮೆರಿಕ ಸರಕಾರದ ಆಹಾರ ಮಾರ್ಗದರ್ಶಿ ಎಲ್ಲ ವಯಸ್ಕರಿಗೂ 1.2ರಿಂದ 1.6ರ ಗುರಿ ಹೇಳಿದೆ. ವ್ಯಾಯಾಮ ಮಾಡದವರಿಗೂ ಅಷ್ಟು ಬೇಕು ಎನ್ನುವುದಕ್ಕೆ ಮೇಲಿನ ಸಂಶೋಧನೆಯಲ್ಲಿ ಆಧಾರ ತೆಳು ಎಂದೇ ನಮ್ಮ ಅನಿಸಿಕೆ.

ಡಬ್ಬಿ ಪುಡಿಯ ಬಗ್ಗೆ ಒಂದು ಮಾತು. ಕನ್ಸ್ಯೂಮರ್ ರಿಪೋರ್ಟ್ಸ್ 2025ರಲ್ಲಿ 23 ಪ್ರೊಟೀನ್ ಪುಡಿ ಮತ್ತು ಪಾನೀಯಗಳನ್ನು ಪರೀಕ್ಷಿಸಿದಾಗ, ಮೂರನೇ ಎರಡಕ್ಕಿಂತ ಹೆಚ್ಚಿನವುಗಳಲ್ಲಿ ಒಂದು ಸಲದ ಪ್ರಮಾಣದಲ್ಲೇ ಅವರ ತಜ್ಞರ ದಿನದ ಮಿತಿಗಿಂತ ಹೆಚ್ಚು ಸೀಸ ಇತ್ತು. ಹಾಲಿನಿಂದ ಮಾಡಿದವುಗಳಿಗಿಂತ ಸಸ್ಯಮೂಲದ ಪುಡಿಗಳಲ್ಲಿ ಹೆಚ್ಚು.

ಕಿಡ್ನಿ ತೊಂದರೆ ಇದ್ದವರು

ಕಿಡ್ನಿ ಸರಿಯಾಗಿರುವವರಿಗೆ ಇಲ್ಲಿ ಹೇಳಿದ ಪ್ರಮಾಣದಿಂದ ಕಿಡ್ನಿ ಹಾಳಾಗುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ. ಆದರೆ ಈಗಾಗಲೇ ಕಿಡ್ನಿ ಕಾಯಿಲೆ ಇರುವವರ ಲೆಕ್ಕವೇ ಬೇರೆ. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮೂರನೆಯ ಹಂತದಿಂದ ಐದನೆಯ ಹಂತದವರೆಗಿನ ಕಾಯಿಲೆಗೆ ಕಿಲೋಗೆ 0.8 ಗ್ರಾಂ ಇಟ್ಟುಕೊಳ್ಳಲು, ಕಾಯಿಲೆ ಮುಂದುವರಿಯುವ ಅಪಾಯವಿದ್ದವರು 1.3 ದಾಟದಿರಲು ಹೇಳುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವ ನಮ್ಮ ಹಿರಿಯರಲ್ಲಿ ಕಿಡ್ನಿ ತೊಂದರೆ ಸದ್ದಿಲ್ಲದೆ ಬಂದಿರುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್, ಈ ಎರಡು ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಊರಿನಲ್ಲಿ ಇವಕ್ಕೆ ಆಗುವ ಖರ್ಚು ಇಲ್ಲಿನದಕ್ಕೆ ಹೋಲಿಸಿದರೆ ಏನೂ ಅಲ್ಲ. ಆದ್ದರಿಂದ ಅಪ್ಪ ಅಮ್ಮ ವಿಮಾನ ಹತ್ತುವ ಮೊದಲೇ ಮಾಡಿಸಿ, ವರದಿಯನ್ನು ಜೊತೆಗೆ ತರಲು ಹೇಳಿ. ಅದರಲ್ಲಿ ಏನಾದರೂ ಏರುಪೇರಿದ್ದರೆ ಮೇಲಿನ 62 ಗ್ರಾಂ ಲೆಕ್ಕವನ್ನು ಬದಿಗಿಟ್ಟು, ಅವರನ್ನು ನೋಡುವ ವೈದ್ಯರು ಹೇಳಿದಷ್ಟೇ ಕೊಡಿ.